ವಿಸಿಲ್ ಊದದ ಕೋಚ್ ಗೆದ್ದ 489 ಪಂದ್ಯ

ಅಮೆರಿಕನ್ ಫುಟ್‌ಬಾಲ್ ನನಗೆ ಈಗಲೂ ಪೂರ್ತಿ ತಲೆಗೆ ಹತ್ತಿಲ್ಲ. ಹೆಲ್ಮೆಟ್ ಹಾಕಿದ ದಢಿಯರು ಗುಡ್ಡೆ ಬೀಳುತ್ತಾರೆ, ಚೆಂಡು ಎಲ್ಲಿ ಹೋಯಿತೆಂದು ನಾನು ಪಕ್ಕದವರನ್ನು ಕೇಳುತ್ತೇನೆ. ಆದರೂ ಮಿನ್ನೆಸೋಟಾದಲ್ಲಿ ಸಂಸಾರ ಹೂಡಿದ ಮೇಲೆ ಜಾನ್ ಗಲಾರ್ಡಿಯ ಹೆಸರು ಕಿವಿಗೆ ಬೀಳದೆ ಇರುವುದಿಲ್ಲ.

ಬೆನೆಡಿಕ್ಟೈನ್ ಸನ್ಯಾಸಿಗಳು ಕಟ್ಟಿದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ ಇರುವುದು ಕಾಲೇಜ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಗಲಾರ್ಡಿ 1953ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದವರು 2012ರವರೆಗೆ ಕದಲಲಿಲ್ಲ. ಅದಕ್ಕೂ ಮೊದಲು ಮೊಂಟಾನಾದ ಕ್ಯಾರೊಲ್ ಕಾಲೇಜಿನಲ್ಲಿ ನಾಲ್ಕು ವರ್ಷ. ಎಲ್ಲ ಸೇರಿ 489 ಗೆಲುವು, 138 ಸೋಲು, 11 ಸಮ. ಕಾಲೇಜು ಫುಟ್‌ಬಾಲ್‌ನ ಯಾವ ದರ್ಜೆಯಲ್ಲೂ ಇಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ. 1963, 1965, 1976, 2003ರಲ್ಲಿ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬೇರೆ.

ನನಗೆ ಅಚ್ಚರಿ ಅವರು ಗೆದ್ದ ಲೆಕ್ಕಕ್ಕಿಂತ ಅವರು ಕೈಬಿಟ್ಟ ಕೆಲಸಗಳದ್ದು. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿಲ್ಲ. ವಿಸಿಲ್ ಇಲ್ಲ. ಕವಾಯತು ಇಲ್ಲ. ಒಂದೂವರೆ ಗಂಟೆಗಿಂತ ಹೆಚ್ಚು ಮೈದಾನದಲ್ಲಿ ನಿಲ್ಲಿಸುವುದಿಲ್ಲ. ಮಳೆ ಬಂದರೆ, ಚಳಿ ವಿಪರೀತವಾದರೆ, ಸೊಳ್ಳೆ ಮುತ್ತಿದರೂ ಕೂಡ, ಹೊರಗಿನ ಅಭ್ಯಾಸ ಬಂದ್. ಆಡಬೇಕೆಂದು ಬಂದ ಹುಡುಗನನ್ನು ಆಯ್ಕೆಯಲ್ಲಿ ತೆಗೆದುಹಾಕುವುದಿಲ್ಲ. ತಂಡದ ಪಟ್ಟಿ ನೂರೈವತ್ತು ದಾಟಿದರೂ ಸರಿ. ಹದಿನೆಂಟರ ಹುಡುಗರೂ ಅವರನ್ನು ‘ಕೋಚ್’ ಎನ್ನದೆ ಜಾನ್ ಎಂದೇ ಕರೆಯಬೇಕು.

ಆ ತಂಡದಲ್ಲಿ ಆಡಿದ್ದ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದು ‘ಡ್ರಿಲ್’ ವಿವರಿಸಿದರು. ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಿ ಪಕ್ಕದವನಿಗೆ ‘ಇವತ್ತು ಎಷ್ಟು ಚೆನ್ನಾಗಿದೆಯಲ್ಲಾ’ ಎನ್ನಬೇಕು, ಅಷ್ಟೇ. ಹೇಳುತ್ತಾ ಕುರ್ಚಿಗೆ ಒರಗಿ, ಕೈ ತಲೆಯಡಿ ಇಟ್ಟು, ಚಾವಣಿ ನೋಡಿಯೂ ತೋರಿಸಿದರು. ಹಾಗಾದರೆ ಕಲಿತದ್ದು ಯಾವಾಗ ಎಂದೆ. ಮುಖ ಗಂಭೀರವಾಯಿತು. ಯಾರು ಎಲ್ಲಿ ನಿಲ್ಲಬೇಕು, ಎತ್ತ ಓಡಬೇಕು ಎಂಬುದನ್ನು ಒಂದು ಹೆಜ್ಜೆಯೂ ತಪ್ಪದಂತೆ ಮಾಡಿಸುತ್ತಿದ್ದರಂತೆ. ತಪ್ಪಿದರೆ ಬೈಗುಳವಿಲ್ಲ, ಮತ್ತೆ ಮೊದಲಿನಿಂದ.

ನಾನು ಕಬಡ್ಡಿ ಕಲಿತ ಕ್ರಮವೇ ಬೇರೆ. ತಡವಾಗಿ ಬಂದರೆ ಗ್ರೌಂಡು ಸುತ್ತು, ಹಿಡಿತ ಜಾರಿದರೆ ಬಸ್ಕಿ, ಎದುರಾಡಿದರೆ ಬೆತ್ತ. ನೀರು ಕೇಳಿದರೆ ‘ಆಮೇಲೆ’. ತಾಲ್ಲೂಕು ಮಟ್ಟದ ತಂಡ ಆರಿಸಿದ ದಿನ ಉಳಿದವರೆಲ್ಲ ಚೀಲ ಹೆಗಲಿಗೇರಿಸಿ ಮನೆಗೆ. ‘ಪೆಟ್ಟು ತಿಂದರೇ ಬುದ್ಧಿ’ ಎಂದು ಈಗಲೂ ಹೆಮ್ಮೆಯಿಂದ ಹೇಳುವ ಗೆಳೆಯರು ನನಗಿದ್ದಾರೆ. ಅವರಿಗೆ ಕಬಡ್ಡಿ ಬರುವುದು ಪೆಟ್ಟಿನಿಂದಲೋ, ದಿನಾ ಸಂಜೆ ಆಡಿದ್ದರಿಂದಲೋ? ಗರಡಿಮನೆಯ ಸಾಮು ಬೇರೆ ವಿಷಯ ಬಿಡಿ. ಅಲ್ಲಿ ಬಸ್ಕಿ ವಿದ್ಯೆಯ ಭಾಗ. ನಮ್ಮ ಮೈದಾನದಲ್ಲಿ ಅದು ದಂಡ.

ಇದನ್ನೇ ಹಿಡಿದು ‘ನೋಡಿ, ಅಮೆರಿಕದವರು ಎಷ್ಟು ಮುಂದಿದ್ದಾರೆ’ ಎನ್ನಲು ನಾನು ತಯಾರಿಲ್ಲ. ಗಲಾರ್ಡಿ ಸೇಂಟ್ ಜಾನ್ಸ್‌ಗೆ ಬಂದ ಮರುವರ್ಷ, 1954ರಲ್ಲಿ, ಟೆಕ್ಸಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದ ಕೋಚ್ ಬೇರ್ ಬ್ರಯಂಟ್ ತನ್ನ ಹುಡುಗರನ್ನು ಜಂಕ್ಷನ್ ಎಂಬ ಊರಿಗೆ ಒಯ್ದು, ಬರಗಾಲದ ಬಿಸಿಲಲ್ಲಿ ಹತ್ತು ದಿನ ನೀರಿಗೂ ಬಿಡುವು ಕೊಡದೆ ಹಿಂಡಿದರು. ಬಹುಪಾಲು ಹುಡುಗರು ಓಡಿಹೋದರು. ಆ ವರ್ಷ ತಂಡ ಗೆದ್ದದ್ದು ಒಂದು ಪಂದ್ಯ, ಸೋತದ್ದು ಒಂಬತ್ತು. ಬ್ರಯಂಟ್ ಮುಂದೆ ಅಲಬಾಮಾದಲ್ಲಿ ದೊಡ್ಡ ದೊಡ್ಡ ಪ್ರಶಸ್ತಿ ಗೆದ್ದರು, ಅದನ್ನೂ ಹೇಳಬೇಕು. ಆದರೂ ಜನ ಬಾಯಿ ಚಪ್ಪರಿಸಿ ಹೇಳುವುದು ಆ ಹತ್ತು ದಿನದ ಕಥೆಯನ್ನೇ. ಈ ಖಯಾಲಿಯಲ್ಲಿ ಟೆಕ್ಸಸ್ಸಿಗೂ ನಮ್ಮ ತಾಲ್ಲೂಕಿಗೂ ಏನೇನೂ ವ್ಯತ್ಯಾಸವಿಲ್ಲ.

ಸೇಂಟ್ ಜಾನ್ಸ್ ಆಡುವುದು ಮೂರನೇ ದರ್ಜೆಯಲ್ಲಿ. ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಮೊದಲ ದರ್ಜೆಯ ಕಥೆ ಬೇರೆ: ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳದ ಪಟ್ಟಿಯ ತುದಿಯಲ್ಲಿ ಗವರ್ನರ್ ಬದಲು ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಇರುತ್ತಾರೆ. ಎರಡು ವರ್ಷ ಸೋತರೆ ಗಂಟುಮೂಟೆ ಕಟ್ಟಬೇಕು. ಅಂಥಲ್ಲಿ ಅರವತ್ತು ವರ್ಷ ಒಬ್ಬರಿಗೆ ಯಾರು ಬಿಟ್ಟುಕೊಡುತ್ತಾರೆ? ಗಲಾರ್ಡಿಗೆ ಆ ಪುರುಸೊತ್ತು ಸಿಕ್ಕಿತು. ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ರಾಬಿನ್ಸನ್‌ರ 408 ಗೆಲುವಿನ ದಾಖಲೆಯನ್ನು ಅವರು ದಾಟಿದ್ದು 2003ರಲ್ಲಿ, ವಯಸ್ಸು ಎಪ್ಪತ್ತೇಳಾದಾಗ. ಅದೇ ವರ್ಷದ ಫೈನಲ್‌ನಲ್ಲಿ ಸತತ 55 ಪಂದ್ಯ ಗೆದ್ದಿದ್ದ ಮೌಂಟ್ ಯೂನಿಯನ್ ತಂಡವನ್ನು ಸೋಲಿಸಿದರು.

ನಮ್ಮ ಪಿಟಿ ಮಾಸ್ತರರಿಗೆ ‘ಯಾರನ್ನೂ ಕೈಬಿಡಬೇಡಿ’ ಎಂದು ಇಲ್ಲಿ ಕೂತು ಉಪದೇಶಿಸುವುದು ಅನ್ಯಾಯ. ಅರವತ್ತು ಮಕ್ಕಳಿಗೆ ಒಂದು ಚೆಂಡು, ಗುಂಡಿಬಿದ್ದ ಮೈದಾನ, ಅದರ ಮೇಲೆ ಕಚೇರಿಯ ಕಾಗದಪತ್ರದ ಕೆಲಸವೂ ಅವರದೇ. ನೂರೈವತ್ತು ಜನರ ತಂಡಕ್ಕೆ ಹೆಲ್ಮೆಟ್ ಒದಗಿಸುವ ಕಾಲೇಜಿನ ಜೊತೆ ಅವರನ್ನು ತೂಗುವಂತಿಲ್ಲ. ಆದರೆ ಬೆತ್ತವನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟುಬರಲು, ಕೇಳಿದ ಹುಡುಗನಿಗೆ ಆಗಲೇ ನೀರು ಕುಡಿಯಲು ಬಿಡಲು ಯಾವ ಅನುದಾನವೂ ಮಂಜೂರಾಗಬೇಕಿಲ್ಲ.