ಒಪ್ಪಿಕೊಂಡ ಮಾತ್ರಕ್ಕೆ ಕೇಸು ಮುಗಿಯಿತಾ?

ಆರೋಪಿಯೇ ಒಪ್ಪಿಕೊಂಡ ಮೇಲೆ ಪತ್ತೇದಾರನಿಗೆ ಇನ್ನೇನು ಕೆಲಸ ಎಂದು ಕೇಳಿದ್ದೀರಿ. ಅಸಲಿ ಕೆಲಸ ಶುರುವಾಗುವುದೇ ಅಲ್ಲಿ ಅಲ್ವಾ? ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಯಿತು. 17 ವರ್ಷದ ಹುಡುಗನೊಬ್ಬ ಎರಡನೆಯದನ್ನು ಮಾತ್ರ ಒಪ್ಪಿಕೊಂಡ. ಮೊದಲನೆಯದೂ ಇವನದೇ ಎಂದು ಸಾಬೀತು ಮಾಡಲು ಪೊಲೀಸರು ವಿಜ್ಞಾನಿ ಅಲೆಕ್ ಜೆಫ್ರಿಸ್ ಹತ್ತಿರ ಹೋದರು. ಡಿಎನ್‌ಎ ಹೇಳಿದ್ದೇ ಬೇರೆ: ಎರಡಕ್ಕೂ ಕೊಲೆಗಾರ ಒಬ್ಬನೇ, ಆದರೆ ಈ ಹುಡುಗನಲ್ಲ! (ನೋಡಿ, ಟೆಸ್ಟ್ ಮಾಡಿಸಿದ್ದು ಅವನನ್ನು ಸಿಕ್ಕಿಸಲು, ಉಳಿಸಲು ಅಲ್ಲ.) ಆಮೇಲೆ ಸಾವಿರಾರು ಗಂಡಸರ ರಕ್ತ ತೆಗೆದರು. ನಿಜವಾದ ಕೊಲೆಗಾರ ತನ್ನ ಬದಲು ಜೊತೆ ಕೆಲಸಗಾರನ ಕೈಲಿ ರಕ್ತ ಕೊಡಿಸಿ ಜಾರಿಕೊಂಡಿದ್ದ. ಕೊನೆಗೆ ಅವನು ಸಿಕ್ಕಿಬಿದ್ದಿದ್ದು ರಕ್ತ ಕೊಟ್ಟ ಆ ಪುಣ್ಯಾತ್ಮ ಪಬ್ಬಿನಲ್ಲಿ ಬಾಯಿಬಿಟ್ಟಿದ್ದರಿಂದ.