ತುಂಟ ಅಂತೆ!

ಬೆಳಗ್ಗೆ ಪಕ್ಕದ ಬೀದಿಯವರೊಬ್ಬರು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು. "ಮೇಡಂ, ನಮ್ಮ ಲ್ಯಾಬ್ರಡಾರ್ ಯಾರಿಗಾದ್ರೂ ಬೇಕಾ ನೋಡಿ. ಸಿಕ್ಕಾಪಟ್ಟೆ ತುಂಟ. ಸೋಫಾ ಪೂರ್ತಿ ಹರಿದು ಹಾಕಿದೆ."

ಹತ್ತು ತಿಂಗಳ ನಾಯಿ. ಹಿತ್ತಲಲ್ಲಿ ಕಟ್ಟಿದ್ದರು. ನನ್ನನ್ನು ನೋಡಿದ್ದೇ ತಡ, ಬಾಲದ ಜೊತೆ ಸೊಂಟವೂ ಅಲ್ಲಾಡತೊಡಗಿತು. ಸರಪಳಿ ಎಟಕುವಷ್ಟು ಜಾಗದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ, ಓಡಾಡಿ ಓಡಾಡಿ ಮಣ್ಣು ಗುಂಡಗೆ ಸವೆದುಹೋಗಿತ್ತು.

"ವಾಕಿಂಗ್?" ಅಂದೆ.

"ದಿನಾ ಹತ್ತು ನಿಮಿಷ ಬಿಚ್ಚಿ ಬಿಡ್ತೀವಲ್ಲ!"

ಸೋಫಾ ಹರಿಯದೆ ಅದು ಇನ್ನೇನು ಮಾಡಬೇಕಿತ್ತು? ಕೂತು ಪೇಪರ್ ಓದಬೇಕಿತ್ತಾ?

ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೊರೆಯುವ ನೀರಿಗೆ ಹಾರಿ ಮೀನುಗಾರರ ಬಲೆ ಎಳೆಯುತ್ತಿದ್ದ ನಾಯಿಗಳ ವಂಶ ಇದು. ಆಮೇಲೆ ಬ್ರಿಟನ್ನಿನವರು, ಹೊಡೆದ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರೋದಕ್ಕೆ ಅಂತಲೇ ಇದನ್ನು ತಲೆಮಾರುಗಟ್ಟಲೆ ಬೆಳೆಸಿದರು. ಕಂಡಿದ್ದನ್ನೆಲ್ಲ ಬಾಯಿಗೆ ಹಾಕೋದು ಅದರ ಕಸುಬು. ಕೆಲಸ ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ. ನಿಮ್ಮ ಸೋಫಾದಲ್ಲಿ.

"ಕೆಲಸಕ್ಕೆ ಹೋಗೋರು ಏನ್ ಮಾಡ್ಬೇಕು?" ಅಂತ ಕೇಳೋರು ಇದ್ದೇ ಇರುತ್ತಾರೆ. ನಾನೂ ಹೋಗುತ್ತೇನೆ ಸ್ವಾಮಿ. ಐದೂವರೆಗೆ ಏಳುತ್ತೇನೆ. ಬೆಳೆದ ಲ್ಯಾಬ್ರಡಾರ್‌ಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿಯೇ ಓಡಾಟ ಬೇಕು. ಮರಿಗೆ ಅಷ್ಟು ಬೇಡ, ಮೂಳೆ ಇನ್ನೂ ಬಲಿತಿರುವುದಿಲ್ಲ. ಮನೆ ತುಂಬಾ ಊಟದ ಕಾಳು ಬಚ್ಚಿಟ್ಟು ಮೂಸಿ ಹುಡುಕೋದಕ್ಕೆ ಬಿಡಿ, ಕಾಲು ಗಂಟೆಯಲ್ಲಿ ಸುಸ್ತಾಗಿ ಮಲಗುತ್ತದೆ. ಅದೂ ಆಗಲ್ಲ ಅಂದರೆ ಮೀನು ಸಾಕಿ.

ಹಾಗಂತ ನಾನೇನೂ ಸಾಚಾ ಅಲ್ಲ. ನಮ್ಮ ಲ್ಯಾಬ್ರಡಾರ್ ಚಿನ್ನಿಯನ್ನು ಹಳೇ ಓದುಗರೆಲ್ಲ ನೋಡಿದ್ದೀರಿ. ವಾಕಿಂಗ್ ತಪ್ಪಿಸಿದ ದಿನವೆಲ್ಲ ಪಾಪ ಅನ್ನಿಸಿ ಬಿಸ್ಕತ್ ಹಾಕಿದೆ. 41 ಕಿಲೋ ಆದಳು. ಡಾಕ್ಟರು ನನ್ನ ಕೈ ಹಿಡಿದು ಅವಳ ಪಕ್ಕೆ ಮೇಲಿಟ್ಟು, "ಎಲುಬು ಹುಡುಕಿ ನೋಡೋಣ" ಅಂದರು. ಸಿಗಲಿಲ್ಲ. ಐದನೇ ವರ್ಷಕ್ಕೇ ಹಿಂಗಾಲು ಎಳೆದು ನಡೆಯುತ್ತಿದ್ದಳು. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು, ಹೆಚ್ಚುಕಡಿಮೆ ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಪಿಒಎಂಸಿ ಅನ್ನೋ ಜೀನಿನ ಒಂದು ತುಣುಕು ಇರುವುದಿಲ್ಲ, ಅದಕ್ಕೇ ಅವಕ್ಕೆ ಹಸಿವು ಜಾಸ್ತಿ ಅಂದಾಗ ಎಷ್ಟು ಸಮಾಧಾನಪಟ್ಟೆ ಗೊತ್ತಾ? ತಪ್ಪು ನನ್ನದಲ್ಲ, ಜೀನಿನದು! ಆದರೆ ಬಿಸ್ಕತ್ ಡಬ್ಬಿ ತೆಗೆದಿದ್ದು ಜೀನ್ ಅಲ್ಲವಲ್ಲ.

ಅದಕ್ಕೇ ಇರಬೇಕು, "ತುಂಟ" ಅಂದರೆ ನನಗೆ ಉರಿಯೋದು.

"ಯಾರಿಗೂ ಕೊಡಬೇಡಿ, ಬೆಳಗ್ಗೆ ನಮ್ಮ ನಾಯಿ ಜೊತೆ ಇದನ್ನೂ ಕರ್ಕೊಂಡು ಹೋಗ್ತೀನಿ. ಈಗಲೇ ಒಂದು ಸುತ್ತು ಹೋಗಿ ಬರ್ತೀನಿ, ಬಿಚ್ಚಿ" ಅಂದೆ. "ಅಯ್ಯೋ, ನಿಮಗ್ಯಾಕೆ ತೊಂದ್ರೆ" ಅನ್ನುತ್ತಲೇ ಸರಪಳಿಗೆ ಕೈ ಹಾಕಿದರು. ಕೊಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೊನೆಗೆ ಒಳಗಿನಿಂದ ಇಕ್ಕಳ ತರಬೇಕಾಯಿತು.

ದಿನಾ ಹತ್ತು ನಿಮಿಷ ಬಿಚ್ಚಿ ಬಿಡುತ್ತಾರಂತೆ.