ಇಳಿಯೋರಿಗೆ ಮೊದಲು ದಾರಿ ಬಿಡಿ

ಹುತ್ತರಿಗೆ ಊರಿಗೆ ಬಂದಿದ್ದೆ. ಮಡಿಕೇರಿಯಿಂದ ಬಂದ ಬಸ್ಸು ಸೋಮವಾರಪೇಟೆಯಲ್ಲಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಕೊಡೆ, ಯಾವುದೋ ಮಗುವಿನ ಸ್ಕೂಲ್ ಬ್ಯಾಗು ಒಳಗೆ ಬಂದವು. ಇರುವುದು ಒಂದೇ ಬಾಗಿಲು. ಅದರ ತುಂಬಾ ಹತ್ತುವವರು. ಮಂಡಿ ನೋವಿನ ಅವ್ವ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತೇ ಇದ್ದಳು. "ಸ್ವಲ್ಪ ಇಳಿಯೋಕೆ ಬಿಡಿ" ಅಂತ ಕೂಗಿದೆ. "ನಾವೂ ಮನೆಗೆ ಹೋಗ್ಬೇಕಲ್ವಾ" ಅಂದರು ಒಬ್ಬರು. ಆ ಮಾತು ಇನ್ನೂ ಚುಚ್ಚುತ್ತಿದೆ.

ನಾನು ಲಂಡನ್ನಿನಲ್ಲಿ ದಿನಾ ವಿಕ್ಟೋರಿಯಾ ಲೈನ್ ಹತ್ತುವವನು. 1968ರಲ್ಲಿ ಶುರುವಾದ ಸುರಂಗ ರೈಲು ಅದು. ವಿಪರೀತ ಜನ. ಬೆಂಗಳೂರಿನ ಮೆಟ್ರೋದಲ್ಲಿ ಮೂರು ಬೋಗಿಯನ್ನು ಆರು ಮಾಡಿದರು, 2018ರಿಂದ. ಲಂಡನ್ನಿನ ಈ ಲೈನಿನಲ್ಲಿ ಆಗಲೇ ಎಂಟು ಬೋಗಿ ಇದೆ, ಪ್ಲಾಟ್‌ಫಾರ್ಮ್ ಇರುವುದೇ ಅಷ್ಟು ಉದ್ದ. ಹಾಗಾಗಿ ಇವರು ರೈಲಿನಿಂದ ರೈಲಿಗೆ ಇರುವ ಸಮಯವನ್ನೇ ಕಡಿಮೆ ಮಾಡುತ್ತಾ ಬಂದರು. ಹೊಸ ಸಿಗ್ನಲ್ ಹಾಕಿದರು, ಹೊಸ ರೈಲುಗಳಿಗೆ ಬಾಗಿಲು ಅಗಲ ಮಾಡಿದರು. 2015ರ ಆಗಸ್ಟಿನಲ್ಲಿ ಉತ್ತರದ ತುದಿಯನ್ನು ಸುಮಾರು ಮೂರು ವಾರ ಮುಚ್ಚಿ, ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಜಾಗವನ್ನೇ ಹೊಸದಾಗಿ ಕಟ್ಟಿದರು. ನನ್ನ ಬ್ರಿಕ್ಸ್ಟನ್ ಕೊನೆಯ ಸ್ಟೇಷನ್. ಅಲ್ಲಿ ರೈಲು ಬಂದಾಗ ಅದನ್ನು ವಾಪಸ್ ಓಡಿಸಲು ಇನ್ನೊಬ್ಬ ಡ್ರೈವರ್ ಇನ್ನೊಂದು ತುದಿಯಲ್ಲಿ ಕಾದಿರುತ್ತಾರೆ. ಓಡಿಸಿಕೊಂಡು ಬಂದವರು ಎಂಟು ಬೋಗಿ ದಾಟಿ ನಡೆದು ಬರುವವರೆಗೆ ರೈಲು ಕಾಯಬೇಕಿಲ್ಲ.

2017ರ ಮೇ ತಿಂಗಳಿಂದ ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 36 ರೈಲು. ಅಂದರೆ 100 ಸೆಕೆಂಡಿಗೆ ಒಂದು.

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲ ನಿಂತಿರುವುದು ಬಾಗಿಲಲ್ಲೇ. ಒಂದು ರೈಲು ಅರ್ಧ ನಿಮಿಷ ಜಾಸ್ತಿ ನಿಂತರೆ ಹಿಂದಿನದು ಸುರಂಗದಲ್ಲೇ ಕಾಯಬೇಕು. ಅದಕ್ಕೇ ಹತ್ತುವವರು ಬಾಗಿಲ ಎರಡೂ ಬದಿಗೆ ಸರಿದು ನಿಲ್ಲುತ್ತಾರೆ. ಇಳಿಯುವವರು ಮುಗಿದ ಮೇಲೇ ಕಾಲಿಡುವುದು. ಸರಿದು ನಿಲ್ಲೋಕೆ ಯಾರ ಕೈಯಿಂದಲೂ ದುಡ್ಡು ಖರ್ಚಾಗುವುದಿಲ್ಲ.

ನಮ್ಮಲ್ಲಿ ರಶ್ ಅಂದರೆ ಎಲ್ಲರೂ ಕೇಳುವುದು ಇನ್ನೊಂದು ಬಸ್ಸು. ಕೇಳಬೇಕು, ನಿಜ. ರೈಲೇ ಇಲ್ಲದ ಜಿಲ್ಲೆ ನಮ್ಮದು. ಆದರೆ ಇರುವ ಬಸ್ಸು ಒಂದೊಂದು ಸ್ಟ್ಯಾಂಡಿನಲ್ಲೂ ನೂಕಾಟಕ್ಕೇ ಐದು ನಿಮಿಷ ಕಳೆದರೆ? ದಾರಿಯುದ್ದಕ್ಕೂ ಎಷ್ಟು ಸ್ಟಾಪಿದೆ, ಲೆಕ್ಕ ಹಾಕಿ ನೋಡಿ. ಶಾಲೆ ಬಿಟ್ಟ ಮಕ್ಕಳು ಮಳೆಯಲ್ಲಿ ಅಷ್ಟು ಹೊತ್ತು ಸುಮ್ನೆ ನೆನೆಯುತ್ತವೆ. ಒಂದು ವಾರ ಎಲ್ಲರೂ ಬದಿಗೆ ನಿಂತು ನೋಡಿದರೆ ಸಾಕು ಅಂತ ನನ್ನ ಆಸೆ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಅವತ್ತು ಸೋಮವಾರಪೇಟೆಯಿಂದ ಮುಂದಕ್ಕೆ ಶನಿವಾರಸಂತೆ ಬಸ್ಸು ಹತ್ತಿದೆವು. ಟವೆಲ್ ಹಾಕಿ ಸೀಟು ಹಿಡಿದಿದ್ದ ಹುಡುಗ ಅವ್ವನನ್ನು ನೋಡಿದ್ದೇ ಎದ್ದ. ನಿಂತಿದ್ದ ನನ್ನ ಬ್ಯಾಗನ್ನು ಯಾರೋ ಕೇಳಿ ತೊಡೆ ಮೇಲೆ ಇಟ್ಟುಕೊಂಡರು. ಸ್ಟಾಪೇ ಅಲ್ಲದ ನಮ್ಮ ತೋಟದ ಗೇಟಿನ ಹತ್ತಿರ ಕಂಡಕ್ಟರ್ ಸೀಟಿ ಊದಿದರು. ಅವ್ವನ ಕೈ ಹಿಡಿದು ಇಳಿಸಿ, "ನಿಧಾನ ಅಜ್ಜಿ" ಅಂದರು. ಬಸ್ಸು ಪೂರ್ತಿ ಎರಡು ನಿಮಿಷ ಕಾಯಿತು. ಯಾರೂ ಗೊಣಗಲಿಲ್ಲ.